ಪಾರಮ್ಮ ಬ್ಯಾಡ ಎಂದ ಹೆಸರು

ಜನವರಿ ೮, ೨೦೨೫. ಬುಧವಾರ

ಬೆಳಿಗ್ಗೆ ಎರಡು ಬ್ಲೌಸ್, ಒಂದು ಯೂನಿಫಾರ್ಮ್ ಚಡ್ಡಿ. ಚಡ್ಡಿಯ ಹುಡುಗನ ತಾಯಿ, "ಟಿಪ್ಪುಸಾಬರ, ಒಂದೀಟು ಉದ್ದ ಬಿಡ್ರಿ, ಬೆಳಿಯೋ ಹುಡುಗ" ಎಂದಳು. ಬಿಟ್ಟೆ. ಕುಕನೂರಿನಲ್ಲಿ ಎಲ್ಲರೂ ಬೆಳೆಯುವವರೇ. ನಾನೊಬ್ಬ ಮೋಟಾಗುತ್ತಿದ್ದೇನೆ. ಹೋದ ವರ್ಷ ಹೊಲಿದುಕೊಂಡ ಪೈಜಾಮ ಈಗ ನೆಲ ಒರೆಸುತ್ತಿದೆ.

ಮಧ್ಯಾಹ್ನ ಕೊಪ್ಪಳದಿಂದ ಫೋನ್. ಯಾವುದೋ ರಂಗಸಂಘದ ಕಾರ್ಯದರ್ಶಿ. ಕಾಲೇಜಿನಲ್ಲಿ ಲೆಕ್ಚರರ್ ಅಂತೆ. ಮಾರ್ಚಿನಲ್ಲಿ ನನಗೆ ಸನ್ಮಾನ ಮಾಡುತ್ತಾರಂತೆ. "ಹಳ್ಳಿ ನಾಟಕಕ್ಕ ನಿಮ್ಮ ಕೊಡುಗೆ ಅಪಾರ ಐತ್ರಿ" ಎಂದರು. ಅಪಾರ ಎಂಬ ಮಾತು ಕಿವಿಗೆ ಬಿದ್ದು ಮಷೀನು ನಿಲ್ಲಿಸಿದೆ. "ಹತ್ತು ನಿಮಿಷ ಮಾತಾಡಬೇಕ್ರಿ. ನಿಮ್ಮ ಗುರುಗಳು ಯಾರು, ಹೆಂಗ ಕಲತ್ರಿ, ಅದನ್ನ ಹೇಳ್ರಿ."

ಫೋನ್ ಇಟ್ಟ ಮೇಲೆ ಸುದ್ದಿ ಹೇಳಲು ಮನೆಯಲ್ಲಿ ಯಾರೂ ಇಲ್ಲ. ಹೆಂಡತಿ ಮೆಹಜಬೀನ ಇದ್ದಿದ್ದರೆ ಶಾಲು ಕೊಡುತ್ತಾರೋ ಇಲ್ಲವೋ ಎಂದು ಮೊದಲು ಕೇಳುತ್ತಿದ್ದಳು. ಅವಳು ಹೋದ ಮೇಲೆ ಇದು ಎರಡನೇ ಚಳಿಗಾಲ. ಗಂಗಾವತಿಗೆ, ಮಗಳು ಖುಷ್ಬುಗೆ ಫೋನ್ ಹಚ್ಚಿದೆ. "ಅಬ್ಬಾ, ಅಡಿಗಿ ಮಾಡಾಕತ್ತೀನಿ, ಆಮ್ಯಾಲ ಮಾಡತೀನಿ" ಎಂದಳು. ಆಮೇಲೆ ಬರಲಿಲ್ಲ. ಅವಳಿಗೂ ಮೂರು ಮಕ್ಕಳು.

ಏನೇ ಇರಲಿ, ಸಂತೋಷವಾಯಿತು. ಯಾರಿಗಾದರೂ ಹೇಳಬೇಕಲ್ಲ, ಇಲ್ಲಿ ಬರೆದೆ.

ಜನವರಿ ೧೧, ಶನಿವಾರ. ಸಂಜೆ

ಭಾಷಣ ಬರೆಯಲು ಕೂತೆ. ಇಷ್ಟು ನಾಟಕ ಬರೆದವನು ಒಂದು ಭಾಷಣಕ್ಕೆ ಬೆವರುತ್ತಿದ್ದೇನೆ. ರಾಜ ಏನು ಮಾತಾಡುತ್ತಾನೆ, ಸಾಹುಕಾರ ಏನು ಮಾತಾಡುತ್ತಾನೆ, ಎಲ್ಲ ಗೊತ್ತು. ಟೇಲರ್ ಟಿಪ್ಪುಸಾಬ ಏನು ಮಾತಾಡುತ್ತಾನೆ… ಗೊತ್ತಿಲ್ಲ.

ಗುರುಗಳು ಇಬ್ಬರು. ಒಬ್ಬರು ಮುದಿಯಪ್ಪ ಮಾಸ್ತರ, ಪೇಟಿ ಮಾಸ್ತರ. ತೀರಿಹೋಗಿ ಬಹಳ ವರ್ಷವಾಯಿತು. ನನ್ನ ಮೊದಲ ಹಾಡು ಕೇಳಿ ಹಾರ್ಮೋನಿಯಂ ಮೇಲಿನ ಕೈ ತೆಗೆದರು. "ಸಾಲು 'ಆ'ದಾಗ ಮುಗಸಪಾ. 'ಉ'ದಾಗ ಮುಗಿಸಿದ್ರ ಹಾಡಾಕಿ ಬಾಯಿ ಮುಚ್ಚತೈತಿ. ಬಾಯಿ ಮುಚ್ಚಿದ್ರ ಚಪ್ಪಾಳಿ ಎಲ್ಲಿಂದ ಬೀಳತಾವು?" ಇವತ್ತಿಗೂ ನನ್ನ ಹಾಡುಗಳೆಲ್ಲ ಬಾಯಿ ತೆರೆದೇ ಮುಗಿಯುತ್ತವೆ. ಅದು ಅವರ ಋಣ.

ಇನ್ನೊಬ್ಬಳು ಪಾರಮ್ಮಕ್ಕ. ಅವಳದು ಒಂದು ಸಾಲಿನಲ್ಲಿ ಮುಗಿಯುವ ಋಣವಲ್ಲ.

ನಾಟಕ ಕಂಪನಿ ಕುಷ್ಟಗಿಯಲ್ಲಿ ಕ್ಯಾಂಪ್ ಹಾಕಿತ್ತು. ನಾನು ಡ್ರೆಸ್ ಹೊಲಿಯಲು ಸೇರಿದವನು, ಮೀಸೆ ಆಗಷ್ಟೇ ಮೂಡಿತ್ತು. ಪಾರಮ್ಮಕ್ಕನದು ರಾಣಿ ಪಾರ್ಟು. ಓದು ಬರದು. ಯಾರಾದರೂ ಪಾರ್ಟು ಓದಿ ಹೇಳಬೇಕು, ಕೇಳಿ ಬಾಯಿಪಾಠ ಮಾಡಬೇಕು. ಏಳನೇ ತರಗತಿ ಪಾಸಾದ ನನಗೆ ಆ ಕೆಲಸ ಬಿತ್ತು. ಕಾಲಲ್ಲಿ ಮಷೀನು, ಬಾಯಲ್ಲಿ ಡೈಲಾಗು. ಒಮ್ಮೆ ಕೇಳಿದರೆ ಸಾಕು, ತಿರುಗಿ ಹೇಳುತ್ತಿದ್ದಳು. ಹೇಳಲು ಬರದಿದ್ದರೆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. "ಮಾತಿನಾಗ ಗಂಟೈತಿ. ಕತ್ತರಸು" ಎನ್ನುತ್ತಿದ್ದಳು. ಮಾಲೀಕರಿಗೆ ಗೊತ್ತಾಗದ ಹಾಗೆ ಕತ್ತರಿಸುತ್ತಿದ್ದೆ, ಉಳಿದದ್ದನ್ನು ಜೋಡಿಸಿ ಹೊಲಿಯುತ್ತಿದ್ದೆ. ಹಾಗೆ ಕತ್ತರಿಸುತ್ತ ಕತ್ತರಿಸುತ್ತ ಒಂದು ದಿನ ಇಡೀ ಸೀನನ್ನು ನಾನೇ ಬರೆದೆ. ನನ್ನದೆಂದು ಹೇಳದೆ ಓದಿದೆ. ಎಲ್ಲೂ ತಡವರಿಸದೆ ತಿರುಗಿ ಹೇಳಿದಳು. ಆಮೇಲೆ ಕೇಳಿದಳು, "ಇದನ್ನ ಬರದಾಂವ ಯಾರು? ಇನ್ನ ಮುಂದ ನನ್ನ ಪಾರ್ಟು ಅವನ ಬರೀಲಿ."

ಅಂದಿನಿಂದ ನಾನು ಕವಿ. ನಮ್ಮ ಕಡೆ ನಾಟಕ ಬರೆದವನು ಕವಿಯೇ. ಯಲಬುರ್ಗಾ ಬಸ್ಸಿನಲ್ಲಿ ಈಗಲೂ ಯಾರಾದರೂ, "ಕವಿಗಳು ಬಂದಾರ, ಸರೀರಿ" ಎಂದು ಜಾಗ ಬಿಡುತ್ತಾರೆ. ಕೂರುವಾಗ ಪ್ರತಿ ಸಲವೂ ಪಾರಮ್ಮಕ್ಕನ ನೆನಪಾಗುತ್ತದೆ.

ಭಾಷಣದಲ್ಲಿ 'ಸ್ವಗತ'ದ ಕಥೆಯನ್ನೂ ಹೇಳಬೇಕು. ಒಂದೂರಿನಲ್ಲಿ ಗೌಡರೇ ರಾಜನ ಪಾರ್ಟು ಮಾಡಿದ್ದರು. ಅವರಿಗೂ ಓದು ಬರದು. ಪಾರ್ಟು ಹೇಳಿಕೊಟ್ಟವನು 'ಸ್ವಗತ' ಎಂದು ಬ್ರಾಕೆಟ್ಟಿನಲ್ಲಿದ್ದದ್ದನ್ನೂ ಸೇರಿಸಿ ಓದಿಬಿಟ್ಟಿದ್ದ. ರಾಜ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವ ಮಾತು ಅಂತ ಅದರ ಅರ್ಥ. ಗೌಡರು ಅದು ರಾಣಿಯ ಹೆಸರೆಂದು ತಿಳಿದರು. ಸ್ಟೇಜಿನ ಮೇಲೆ ಕೈ ಚಾಚಿ, "ಸ್ವಗತಾ, ನನಗೆ ಇದೆಂಥ ಗತಿ ಬಂತು" ಎಂದರು. ರಾಣಿಯಾಗಿದ್ದ ಪಾರಮ್ಮಕ್ಕ ಒಂದು ಕ್ಷಣವೂ ತಡಮಾಡದೆ, "ಏನಾಯಿತು ಪ್ರಭು?" ಎಂದು ಓಡಿಬಂದಳು. ನಾಟಕ ಉಳಿಯಿತು. ಗೌಡರ ಮಾನವೂ ಉಳಿಯಿತು.

ನಾಳೆ ಅವಳಿಗೆ ಫೋನ್ ಮಾಡಿ ಸ್ಟೇಜಿಗೆ ಕರೆಯುತ್ತೇನೆ. ನನ್ನ ಪಕ್ಕದ ಕುರ್ಚಿ ಅವಳಿಗೆ.

ಜನವರಿ ೧೨, ಭಾನುವಾರ

ಪಾರಮ್ಮಕ್ಕ ಈಗ ಗಂಗಾವತಿಯ ಆಚೆ ಸಿದ್ದಾಪುರದಲ್ಲಿ ಮಗಳು ಅಮರಮ್ಮನ ಮನೆಯಲ್ಲಿದ್ದಾಳೆ. ಸ್ವಂತ ಫೋನಿಲ್ಲ. ಅಮರಮ್ಮನೇ ಎತ್ತಿ "ಯಾರ್ರಿ?" ಎಂದಳು. ಹೇಳಿದೆ. ತಾಯಿಗೆ ಕೊಟ್ಟಳು.

ಸನ್ಮಾನ, ಕೊಪ್ಪಳ, ತಾರೀಖು, ಸ್ಟೇಜು, ಕುರ್ಚಿ, ನೀವೇ ನನ್ನ ಗುರು ಎಂದು ಮೈಕಿನಲ್ಲಿ ಹೇಳುತ್ತೇನೆ — ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಬ್ಯಾಡ" ಎಂದಳು.

"ಯಾಕ್ರಿ ಅಕ್ಕಾರ?"

"ಮೊಮ್ಮಗ ಗವಿಸಿದ್ದೇಶಂದು ಲಗ್ನ ಗೊತ್ತಾಗೈತಿ. ನಾ ನಾಟಕದಾಗ ಇದ್ದದ್ದು ಹೆಣ್ಣಿನ ಕಡ್ಯಾರಿಗೆ ಗೊತ್ತಿಲ್ಲ. ನನ್ನ ಹೆಸರು ಎಲ್ಲೂ ಹೇಳಬ್ಯಾಡ. ಲಗ್ನಕ್ಕೂ ಬರಬ್ಯಾಡ. ತಿಳೀತಿಲ್ಲೊ?"

"ತಿಳೀತ್ರಿ."

ಫೋನ್ ಕಟ್ಟಾಯಿತು.

ತಿಳಿಯದೆ ಏನು. 'ನಾಟಕದಾಕಿ ಮನಿ' ಎಂದರೆ ಹೆಣ್ಣು ಕೊಡುವವರು ಚಪ್ಪಲಿ ಹಾಕಿಕೊಂಡು ಎದ್ದು ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಸೀಟಿ ಹೊಡೆದವರೇ ಹಾಗೆ ಎದ್ದು ಹೋಗುವವರು. ಹುಡುಗನ ಬಾಳಿಗೆ ನನ್ನ ಭಾಷಣ ಅಡ್ಡ ಬರಬಾರದು. ಸರಿ. ಆದರೂ ಮಧ್ಯಾಹ್ನ ಉಣ್ಣಲು ಆಗಲಿಲ್ಲ.

ಜನವರಿ ೧೯

ಭಾಷಣದಿಂದ ಪಾರಮ್ಮಕ್ಕನನ್ನು ಕತ್ತರಿಸಿದೆ. ಪೈಜಾಮದಷ್ಟಿದ್ದದ್ದು ಚಡ್ಡಿಯಷ್ಟಾಗಿದೆ. ಮುದಿಯಪ್ಪ ಮಾಸ್ತರರನ್ನು ಎಷ್ಟು ಎಳೆದರೂ ಹತ್ತು ನಿಮಿಷಕ್ಕೆ ಸಾಲುತ್ತಿಲ್ಲ.

ಫೆಬ್ರುವರಿ ೧೬, ಭಾನುವಾರ

ಇವತ್ತು ಸಿದ್ದಾಪುರದಲ್ಲಿ ಮದುವೆ. ಅತ್ತ ಕಡೆಯ ಗಿರಾಕಿಯೊಬ್ಬರಿಂದ ಗೊತ್ತಾಯಿತು. ಹುಡುಗಿಯ ಹೆಸರು ಹುಲಗಮ್ಮ, ಡಿಗ್ರಿ ಓದಿದ್ದಾಳಂತೆ.

ಯಾಕೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಹಾಕಿಕೊಂಡು ಅಂಗಡಿಯಲ್ಲೇ ಕೂತಿದ್ದೆ. "ಎಲ್ಲಿಗ್ರಿ ಸಾಬರ, ಜೋರ್ ಅದೀರಿ?" ಎಂದು ಎದುರಿನ ಕಿರಾಣಿಯವ ಕೇಳಿದ. ಲಗ್ನಕ್ಕ ಎಂದೆ. ಸಂಜೆಯವರೆಗೂ ನಾನು ಎದ್ದು ಹೋಗದ್ದನ್ನು ಕಂಡರೂ ಏನೂ ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಮಾರ್ಚ್ ೨, ಭಾನುವಾರ

ರಂಜಾನಿನ ಮೊದಲ ರೋಜಾ.

ಹೊಸ ನಾಟಕದ ಎರಡನೇ ಅಂಕ ಮುಗಿಯಿತು. ಓದಿ ಹೇಳಬೇಕು. ಯಾರಿಗೆ? ಕಂಪನಿ ಮುಚ್ಚಿದ ಮೇಲೂ ಪಾರಮ್ಮಕ್ಕ ಹಳ್ಳಿ ನಾಟಕಗಳಿಗೆ ಬರುತ್ತಿದ್ದಳು, ಪ್ರತಿ ಅಂಕವನ್ನೂ ಅವಳ ಕಿವಿಗೆ ಹಾಕುತ್ತಿದ್ದೆ. ಅವಳು ಸಿದ್ದಾಪುರ ಸೇರಿದ ಮೇಲೆ ಮೆಹಜಬೀನ ಕೇಳುತ್ತಿದ್ದಳು, ಅರ್ಧಕ್ಕೆ ಮಲಗುತ್ತಿದ್ದಳು. ಎಲ್ಲಿ ಮಲಗಿದಳೋ ಅಲ್ಲಿ ಕತ್ತರಿ ಹಾಕುತ್ತಿದ್ದೆ. ಅದೂ ಒಂದು ಲೆಕ್ಕವೇ.

ಖುಷ್ಬುಗೆ ಫೋನಿನಲ್ಲಿ ಒಂದು ಸೀನು ಓದಿದೆ. "ಭಾಳ ಛಲೋ ಐತಿ ಅಬ್ಬಾ" ಎಂದಳು. ಬೇಕೆಂದೇ ಒಂದು ಕೆಟ್ಟ ಸಾಲು ಸೇರಿಸಿ ಮತ್ತೆ ಓದಿದೆ. ಅದಕ್ಕೂ ಭಾಳ ಛಲೋ ಐತಿ. ಮಗಳು ಪ್ರೀತಿಯಿಂದ ಹೇಳುತ್ತಾಳೆ, ಬೈಯುವಂತಿಲ್ಲ. ಆದರೆ ಬೈಯುವವರಿಲ್ಲದೆ ಬರೆಯುವುದು ಬಹಳ ಕಷ್ಟ. ಇದನ್ನು ಕೊಪ್ಪಳದಲ್ಲಿ ಹೇಳಬೇಕೆಂದಿದ್ದೆ.

ಮಾರ್ಚ್ ೨೪, ಸೋಮವಾರ. ಬೆಳಿಗ್ಗೆ

ನಿನ್ನೆಯದನ್ನು ಬರೆಯಲೇಬೇಕು.

ಕೊಪ್ಪಳದಲ್ಲಿ ಹಾಲ್ ತುಂಬಿತ್ತು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಉಪವಾಸ ಇದ್ದವನ ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಬುಟ್ಟಿಯೊಳಗಿನ ದಾಳಿಂಬೆ ಕುಷ್ಟಗಿಯದೇ ಇರಬೇಕು, ಕೆಂಪಗೆ ನೋಡುತ್ತಿತ್ತು. ಮಾತಾಡಲು ಎದ್ದೆ. ಮುದಿಯಪ್ಪ ಮಾಸ್ತರರನ್ನು ನೆನೆದೆ, 'ಆ'ಕಾರದ ಮಾತು ಹೇಳಿದೆ, ಚಪ್ಪಾಳೆ ಬಿತ್ತು. ಇನ್ನೂ ಸಮಯ ಉಳಿದಿತ್ತು. ಸ್ವಗತದ ಕಥೆ ಹೇಳಿದೆ. 'ರಾಣಿ ಪಾರ್ಟಿನವರು ಏನಾಯಿತು ಪ್ರಭು ಎಂದು ಓಡಿಬಂದರು' ಎಂದೆ. ಜನ ಬಿದ್ದು ಬಿದ್ದು ನಕ್ಕರು. ಲೆಕ್ಚರರ್ ಕಣ್ಣೊರೆಸಿಕೊಂಡರು. ನನಗೂ ಒಂದು ಕ್ಷಣ ಅಪಾರ ಎನಿಸಿತು.

ಮುಗಿದ ಮೇಲೆ ರೋಜಾ ಬಿಡುವ ಹೊತ್ತಾಯಿತೆಂದು ಬುಟ್ಟಿ ಹಿಡಿದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೈಚೀಲ ಹಿಡಿದು ಕೂತಿದ್ದಳು. ಪಾರಮ್ಮಕ್ಕ.

"ಅಕ್ಕಾರ, ನೀವು… ಇಲ್ಲಿ?"

"ಗವಿಮಠಕ್ಕ ಹೊಂಟೀನಿ ಅಂತ ಮನ್ಯಾಗ ಹೇಳಿ ಬಂದೀನಿ. ಆಧಾರ್ ಕಾರ್ಡ್ ತೋರಿಸಿದ್ರ ಬಸ್ ಪುಕ್ಕಟ ಐತಲ್ಲ." ಸ್ವಲ್ಪ ತಡೆದು ಹೇಳಿದಳು, "ಮೊದಲು ರೋಜಾ ಬಿಡು."

ಬಾಳೆಹಣ್ಣು ಸುಲಿದೆ. ಅವಳಿಗೂ ಒಂದು ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ.

"ಎಲ್ಲಾ ಕೇಳಿದ್ರೇನ್ರಿ?"

"ಕೇಳಿದೆ. ರಾಣಿ ಪಾರ್ಟಿನವರು ಓಡಿಬಂದ್ರು." ಇನ್ನೇನೂ ಹೇಳಲಾರಳು ಎಂದುಕೊಂಡೆ. ಹೇಳಿದಳು. "ನನ್ನ ಹೆಸರು ಹೇಳತಿ ಅಂತ ಬಂದಿದ್ನೆಪಾ."

ತಿನ್ನುತ್ತಿದ್ದ ಬಾಳೆಹಣ್ಣು ಕೆಳಗಿಟ್ಟೆ. "ನೀವ ಬ್ಯಾಡ ಅಂದ್ರೆಲ್ರಿ."

"ಅಂದೆ. ಫೋನ್ ಎತ್ತಿದಾಕಿ ಯಾರು?"

"ಅಮರಮ್ಮ."

"ಆಕಿ ನನ್ನ ಮುಂದ ನಿಂತು ನನ್ನ ಮಾರಿ ನೋಡಾಕತ್ತಿದ್ಲು. ಆ ಮಾತು ಆಕಿಗೆ ಅಂದದ್ದು. ಲಗ್ನ ಆಗೂ ಮಟ ಅಂಜಿಕಿ ನನಗೂ ಇತ್ತು, ಸುಳ್ಳ್ಯಾಕ ಹೇಳ್ಲಿ. ಲಗ್ನ ಆಗಿ ತಿಂಗಳಾತು. ಒಮ್ಮಿ ಬಂದು ಕೇಳಬೇಕಿತ್ತೋ ಬ್ಯಾಡೋ?" ಬಾಳೆಹಣ್ಣನ್ನು ಬುಟ್ಟಿಗೇ ವಾಪಸು ಇಟ್ಟಳು. "ಇಷ್ಟ ನಾಟಕ ಬರದಿ. ಸೀನಿನ್ಯಾಗ ಬಾಜೂಕ ಯಾರದಾರ ಅಂತ ನೋಡದ ಮಾತು ಕೇಳತಿಯಲ್ಲೋ."

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಬುಟ್ಟಿ ಕೊಡಲು ಹೋದೆ. ಬೇಡ, ಎಲ್ಲಿಂದ ಬಂತೆಂದು ಕೇಳುತ್ತಾರೆ ಎಂದಳು. ಗಂಗಾವತಿ ಬಸ್ ಹತ್ತಿ ಕಿಟಕಿಯ ಹತ್ತಿರ ಕೂತಳು. ನನ್ನ ಕಡೆ ನೋಡಲಿಲ್ಲ. ಅವಳ ಮೇಲೆ ಸಿಟ್ಟು ಬಂತು, ಯಾಕೆಂದರೆ ತಪ್ಪು ನನ್ನದಾಗಿತ್ತು.

ಅದೇ ದಿನ, ಮಧ್ಯಾಹ್ನ

ಕಿರಾಣಿಯವ ಬಂದು ಪೇಪರಿನ ಫೋಟೋ ತೋರಿಸಿದ. ಪೇಟದೊಳಗೆ ನನ್ನ ಮುಖ ಸಿಕ್ಕಿಹಾಕಿಕೊಂಡಿದೆ. "ಗುರುವಿಗೆ ನಮಿಸಿದ ಕವಿ" ಎಂದು ಹೆಡ್ಡಿಂಗು. ನಾಚಿಕೆಯಾಯಿತು.

ಮಾರ್ಚ್ ೨೭

ಫೋನ್ ಮಾಡಿದೆ. "ಅವ್ವ ಮಕ್ಕೊಂಡಾಳ್ರಿ" ಎಂದಳು ಅಮರಮ್ಮ. ಸಂಜೆ ಮತ್ತೆ ಮಾಡಿದೆ. ಆಗಲೂ ಮಕ್ಕೊಂಡಿದ್ದಳು. ಅಮರಮ್ಮನನ್ನು ಬೈಯಲಾರೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ. ಡ್ರೆಸ್ಸಿನ ಟ್ರಂಕಿನ ಹಿಂದೆ ಕೂತು ಅಳುತ್ತಿದ್ದ ಹುಡುಗಿ. ತಾಯಿಯ ಹೆಸರು ಮುಚ್ಚಿಟ್ಟು ಮಗನಿಗೆ ಒಂದು ಮನೆ ಕಟ್ಟಿದ್ದಾಳೆ.

ಇತ್ತ ತಾಯಿ. ಅತ್ತ ಮಗಳು. ಇಬ್ಬರದೂ ಸರಿ. ಇಂಥ ಸೀನು ನಾನು ಬರೆದಿದ್ದರೆ ಮೂರನೇ ಅಂಕದಲ್ಲಿ ಯಾರೋ ಒಬ್ಬರನ್ನು ಸಾಯಿಸಿ ಪಾರಾಗುತ್ತಿದ್ದೆ.

ಮಾರ್ಚ್ ೩೧, ಸೋಮವಾರ. ಈದ್

ನಮಾಜಿಗೆ ಹೋಗಿ ಬಂದೆ. ಶಾವಿಗೆಯ ಸುರಕುಂಬಾ ನಾನೇ ಮಾಡಿದೆ, ಪಾಯಸವೆಲ್ಲ ನೀರಾಯಿತು. ನಿನ್ನೆ ಯುಗಾದಿ, ಇವತ್ತು ಈದ್. ಕಿರಾಣಿಯವನ ಮನೆಯಿಂದ ಹೋಳಿಗೆ ಬಂತು, ನನ್ನ ನೀರು ಸುರಕುಂಬಾ ಅವನ ಮನೆಗೆ ಹೋಯಿತು. ಲಾಭ ನನಗೇ.

ಖುಷ್ಬು ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡಿದಳು. ಗುರುವಾರ ಬಾ ಅಬ್ಬಾ, ಊಟಕ್ಕೆ ಎಂದಳು. ಗಂಗಾವತಿಗೆ ಹೋದರೆ ಸಿದ್ದಾಪುರ ಎಷ್ಟು ದೂರ.

ಫೋನಿನಲ್ಲಿ ಆಗದ ಕೆಲಸ ಇದು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಪಾರಮ್ಮಕ್ಕ ಬೈದರೆ ಬೈಯಲಿ. ಒಮ್ಮೆ ಎದುರಿಗೆ ಕೂತು, ಅಕ್ಕಾರ, ನನಗೆ ಇರುವುದೆಲ್ಲ ನೀವು ಕೊಟ್ಟದ್ದು ಎಂದು ಹೇಳಬೇಕು. ಮನೆಯಲ್ಲಿ ಯಾರೂ ಇಲ್ಲದಾಗ, ಮೆಲ್ಲಗೆ ಹೇಳಿ ಬರುತ್ತೇನೆ. ಹೇಳದೆ ಹೋದರೆ ಅವಳು ಹೋದ ಮೇಲೆ ನಾನು ಯಾವ ಬಾಯಲ್ಲಿ ಅಳುವುದು.

ಏಪ್ರಿಲ್ ೩, ಗುರುವಾರ. ಗಂಗಾವತಿ ಬಸ್ ಸ್ಟ್ಯಾಂಡ್, ಮಧ್ಯಾಹ್ನ

ಖುಷ್ಬು ಊಟಕ್ಕೆ ಕಾಯುತ್ತಿದ್ದಾಳೆ. ಹೋಗುವ ಮೊದಲು ಬರೆದುಬಿಡುತ್ತೇನೆ.

ಬೆಳಿಗ್ಗೆ ಸಿದ್ದಾಪುರದಲ್ಲಿ ಇಳಿದೆ. ದಾರಿಯುದ್ದಕ್ಕೂ ಭತ್ತ ಕೊಯ್ಲಿಗೆ ಬಂದಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗವಿಸಿದ್ದೇಶ ಗೊಬ್ಬರದ ಅಂಗಡಿಗೆ ಹೋಗಿದ್ದ. ಅಮರಮ್ಮ ಬಾಗಿಲಲ್ಲಿ ನನ್ನನ್ನು ನೋಡಿ ನಿಂತಳು. ಬೇಡ ಎನ್ನಲು ಆಗಲಿಲ್ಲ, ಬಾ ಎನ್ನಲೂ ಆಗಲಿಲ್ಲ. ಕೊನೆಗೆ ಒಳಗೆ ತಿರುಗಿ ಸೊಸೆಗೆ ಕೇಳುವಂತೆ ಹೇಳಿದಳು, "ಹುಲಗಮ್ಮಾ, ಕುಕನೂರ ಟೇಲರ್ ಸಾಬರು ಬಂದಾರ, ನಿಮ್ಮಜ್ಜಿ ಗುರುತಿನವರು. ಚಾ ಇಡು." ಅಡುಗೆ ಮನೆಯಿಂದ "ಹೂಂರಿ ಅತ್ತಿ" ಎಂದು ದನಿ ಬಂತು. ಹುಡುಗಿ ಕಾಣಿಸಲಿಲ್ಲ.

ಪಾರಮ್ಮಕ್ಕ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. "ಬಂದೇನಪಾ?" ಎಂದಳು, ಅಷ್ಟೇ. ಅಮರಮ್ಮ ಕಂಬಕ್ಕೆ ಒರಗಿ ನಿಂತಳು. ಆಚೆ ಹೋಗಲೊಲ್ಲಳು. ಬಿಸಿಲಿನ ಮಾತಾಡಿದೆವು, ಭತ್ತದ ರೇಟಿನ ಮಾತಾಡಿದೆವು. ಪಾರಮ್ಮಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಹಿಂದೆ ಪಾರ್ಟು ಕೇಳುವಾಗ ನೋಡುತ್ತಿದ್ದ ಹಾಗೆ.

ಇನ್ನು ತಡೆಯಲಾಗಲಿಲ್ಲ. ಮುಂದಕ್ಕೆ ಬಗ್ಗಿ, ಅವಳಿಗಷ್ಟೇ ಕೇಳುವ ಹಾಗೆ, "ಅಕ್ಕಾರ, ಕೊಪ್ಪಳದಾಗ ಹೇಳಬೇಕಾಗಿದ್ದ ಮಾತು ಹೇಳಾಕ ಬಂದೀನ್ರಿ" ಎಂದೆ.

"ಏನಂದಿ?"

ಇನ್ನೊಮ್ಮೆ ಮೆಲ್ಲಗೆ ಹೇಳಿದೆ.

ಅಮರಮ್ಮ, "ಸಾಬರ, ಚಾ ಕುಡುದು ಹೊಂಡ್ರಿ, ಬಸ್ ಐತಿ ಈಗ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವಂತಿತ್ತು.

ಪಾರಮ್ಮಕ್ಕ ಮಗಳ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಕೈ ಚಾಚಿ ಅವಳ ಮುಂಗೈ ಹಿಡಿದು ಹೊರಸಿನ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಹಿಡಿದ ಕೈ ಬಿಡದೆ ನನ್ನ ಕಡೆ ತಿರುಗಿದಳು.

"ಗಟ್ಟಿ ಹೇಳಪಾ. ಅಡಿಗಿ ಮನಿಗಿ ಕೇಳಸವಲ್ದು."

"ಅವ್ವಾ…" ಎಂದಳು ಅಮರಮ್ಮ.

ಒಳಗೆ ಪಾತ್ರೆಯ ಸದ್ದು ನಿಂತಿತು.

ಎದ್ದು ನಿಂತೆ. ಮೈಕಿಲ್ಲ, ಪೇಟವಿಲ್ಲ. ಪಾರಮ್ಮಕ್ಕ ಸೆರಗು ಸರಿ ಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಅಡುಗೆ ಮನೆಯ ಬಾಗಿಲಿಗೆ ಮುಖ ಮಾಡಿ, ಇದ್ದ ದನಿಯನ್ನೆಲ್ಲ ಕೂಡಿಸಿ ಹೇಳಿದೆ —

"ನಾ ನಾಟಕ ಬರಿಯಾಂವ, ಟಿಪ್ಪುಸಾಬ. ನನಗ ಮಾತು ಕಲಿಸಿದ ಗುರು, ಕಂಪನಿ ನಾಟಕದ ರಾಣಿ ಪಾರ್ಟಿನಾಕಿ, ಪಾರಮ್ಮ."